ಒಂಟಾರಿಯೊದಲ್ಲಿ ಒಂಬತ್ತನೇ ತರಗತಿ: ಕ್ಯಾಥೊಲಿಕ್ ಹೈಸ್ಕೂಲೋ, ಪಬ್ಲಿಕ್ ಹೈಸ್ಕೂಲೋ?

ಮಕ್ಕಳು ಎಂಟನೇ ತರಗತಿಗೆ ಬಂದ ವರ್ಷ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಮನೆಗೆ ಹತ್ತಿರವಿರುವ ಪಬ್ಲಿಕ್ ಹೈಸ್ಕೂಲಿಗೆ ಕಳಿಸುವುದೋ, ಎರಡು ಸಿಗ್ನಲ್ ಆಚೆ ಶಿಲುಬೆಯ ಗುರುತಿರುವ ಕ್ಯಾಥೊಲಿಕ್ ಹೈಸ್ಕೂಲಿಗೆ ಕಳಿಸುವುದೋ? ಈ ಚರ್ಚೆಯನ್ನು ನಾನು ನನ್ನ ಮನೆಯಲ್ಲಿ ಎರಡು ಸಲ ಮಾಡಿದ್ದೇನೆ, ಪರಿಚಯದವರ ಮನೆಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಬಹುತೇಕ ಸಲ ಅದು ಹಾದಿ ತಪ್ಪುವುದು ಊರಿನಿಂದ ನಾವು ಹೊತ್ತು ತಂದ ಎರಡು ಪದಗಳಿಂದ.

ಒಂದು, ‘ಕಾನ್ವೆಂಟ್’. ಮಂಗಳೂರಿನ ಸೇಂಟ್ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಮುಂತಾದ ಸಂಸ್ಥೆಗಳನ್ನು ಕಂಡು ಬೆಳೆದ ನಮಗೆ ಪಾದ್ರಿಗಳ ಅಥವಾ ಸಿಸ್ಟರುಗಳ ಶಾಲೆ ಎಂದರೆ ಒಳ್ಳೆಯ ಇಂಗ್ಲಿಷು, ಬಿಗಿ ಶಿಸ್ತು, ಸೀಟಿಗಾಗಿ ಪರದಾಟ. ಇನ್ನೊಂದು, ‘ಪಬ್ಲಿಕ್ ಸ್ಕೂಲ್’. ಭಾರತದಲ್ಲಿ ಈ ಹೆಸರನ್ನು ಫಲಕದ ಮೇಲೆ ಬರೆಸಿಕೊಂಡ ಶಾಲೆಗಳು ಹೆಚ್ಚಾಗಿ ದುಬಾರಿ ಖಾಸಗಿ ಶಾಲೆಗಳು. ಕೆನಡಾದಲ್ಲಿ ಅದು ಅಪ್ಪಟ ಸರ್ಕಾರಿ ಶಾಲೆ, ಮತ್ತು ‘ಸರ್ಕಾರಿ’ ಎಂದ ಕೂಡಲೇ ನಮ್ಮಲ್ಲಿ ಅನೇಕರ ಮುಖ ಸಣ್ಣಗಾಗುತ್ತದೆ. ಒಂಟಾರಿಯೊದ ಮಟ್ಟಿಗೆ ಈ ಎರಡೂ ನೆನಪುಗಳನ್ನು ಬದಿಗಿಟ್ಟರೆ ಮಾತ್ರ ಮುಂದಿನ ಹೆಜ್ಜೆಗಳಿಗೆ ಅರ್ಥವಿದೆ. ಅಮೆರಿಕದಲ್ಲಿರುವ ಬಂಧುಗಳ ಸಲಹೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿನ ಕ್ಯಾಥೊಲಿಕ್ ಹೈಸ್ಕೂಲು ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆ; ಇಲ್ಲಿನದು ಪ್ರಾಂತ್ಯ ಸರ್ಕಾರದ ಹಣದಿಂದಲೇ ನಡೆಯುವ, ಬೋಧನಾ ಶುಲ್ಕವಿಲ್ಲದ ಶಾಲೆ.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳಿ

ಒಂಟಾರಿಯೊದಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲಾ ವ್ಯವಸ್ಥೆಗಳು ನಾಲ್ಕು: ಇಂಗ್ಲಿಷ್ ಪಬ್ಲಿಕ್, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚ್ ಪಬ್ಲಿಕ್, ಫ್ರೆಂಚ್ ಕ್ಯಾಥೊಲಿಕ್. ಇವುಗಳನ್ನು ನಡೆಸುವ ಸ್ಥಳೀಯ ಶಾಲಾ ಮಂಡಳಿಗೆ ಇಲ್ಲಿ ಬೋರ್ಡು ಎನ್ನುತ್ತಾರೆ. ಒಂದೇ ಊರಿನಲ್ಲಿ ಪೀಲ್ ಪಬ್ಲಿಕ್ ಬೋರ್ಡಿನ ಶಾಲೆಯೂ ಡಫರಿನ್-ಪೀಲ್ ಕ್ಯಾಥೊಲಿಕ್ ಬೋರ್ಡಿನ ಶಾಲೆಯೂ ಅಕ್ಕಪಕ್ಕದಲ್ಲಿರುವುದು ಇದೇ ಕಾರಣಕ್ಕೆ. ಕೆನಡಾ ಒಕ್ಕೂಟ ಹುಟ್ಟಿದಾಗ, ಎಂದರೆ 1867ರಲ್ಲಿ, ಇಲ್ಲಿನ ಅಲ್ಪಸಂಖ್ಯಾತ ಕ್ಯಾಥೊಲಿಕರ ಶಾಲೆಗಳಿಗೆ ಸಂವಿಧಾನದ 93ನೇ ವಿಧಿಯಲ್ಲಿ ರಕ್ಷಣೆ ದೊರೆಯಿತು. ಆದರೂ ಬಹಳ ಕಾಲ ಸರ್ಕಾರದ ಪೂರ್ಣ ನೆರವು ಹತ್ತನೇ ತರಗತಿಗೇ ನಿಲ್ಲುತ್ತಿತ್ತು. ಅದರಾಚೆ ಓದಬೇಕಾದ ಮಕ್ಕಳ ತಂದೆತಾಯಿಗಳು ಕೈಯಿಂದ ಶುಲ್ಕ ಕಟ್ಟುತ್ತಿದ್ದರು. ಪ್ರಾಂತ್ಯದ ಪ್ರೀಮಿಯರ್ (ಮುಖ್ಯಮಂತ್ರಿ) ಬಿಲ್ ಡೇವಿಸ್ 1984ರ ಜೂನಿನಲ್ಲಿ ಈ ನೀತಿಯನ್ನು ಬದಲಿಸುವುದಾಗಿ ಘೋಷಿಸಿದರು, 1986ರಲ್ಲಿ ಅದಕ್ಕಾಗಿ ತಂದ ‘ಬಿಲ್ 30’ ಎಂಬ ಮಸೂದೆ ಕಾನೂನಾಯಿತು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದೇ ಧರ್ಮದ ಶಾಲೆಗಳಿಗೆ ಮಾತ್ರ ಸರ್ಕಾರದ ಹಣ ಸಲ್ಲುವುದು ತಾರತಮ್ಯವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1999ರಲ್ಲಿ ಹೇಳಿತು. ಇತರ ಧರ್ಮಗಳ ಶಾಲೆಗಳಿಗೂ ಹಣ ಕೊಡುವುದು 2007ರ ಪ್ರಾಂತ್ಯ ಚುನಾವಣೆಯ ದೊಡ್ಡ ವಿವಾದವಾಯಿತು. ವ್ಯವಸ್ಥೆ ಮಾತ್ರ ಇದ್ದ ಹಾಗೆಯೇ ಇದೆ.

ಈ ಇತಿಹಾಸದಿಂದ ನಮಗೆ ಉಪಯೋಗಕ್ಕೆ ಬರುವ ಅಂಶ ಒಂದೇ. ಹೈಸ್ಕೂಲಿಗೆ ಪೂರ್ಣ ಅನುದಾನ ಬಂದುದರ ಜೊತೆಗೆ, ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಕ್ಯಾಥೊಲಿಕ್ ಶಾಲೆಯ ಬಾಗಿಲು ಎಲ್ಲ ಧರ್ಮದವರಿಗೂ ತೆರೆಯಿತು. ಶಿಕ್ಷಣ ಕಾಯ್ದೆಯ 42ನೇ ಸೆಕ್ಷನ್ನಿನ ಪ್ರಕಾರ ಪಬ್ಲಿಕ್ ಹೈಸ್ಕೂಲಿಗೆ ಸೇರಲು ಅರ್ಹತೆಯುಳ್ಳ ವಿದ್ಯಾರ್ಥಿ ಕ್ಯಾಥೊಲಿಕ್ ಹೈಸ್ಕೂಲಿಗೂ ಸೇರಬಹುದು. ಕ್ಯಾಥೊಲಿಕ್ ಕುಟುಂಬದ ಮಗು ಪಬ್ಲಿಕ್ ಶಾಲೆಗೂ ಹೋಗಬಹುದು. ದೀಕ್ಷಾಸ್ನಾನದ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ ಎಂಬುದು ಪ್ರಾಥಮಿಕ ಶಾಲೆಗೆ ಸಂಬಂಧಿಸಿದ ಮಾತು. ಅಲ್ಲಿ ಬೋರ್ಡುಗಳು ಮಗು ಅಥವಾ ತಂದೆತಾಯಿಗಳಲ್ಲೊಬ್ಬರು ಕ್ಯಾಥೊಲಿಕ್ ಆಗಿರಬೇಕೆಂದು ಕೇಳಬಹುದು. ‘ನಮ್ಮ ಹುಡುಗಿ ಒಂದನೇ ತರಗತಿಗೆ ಸೇರಲಾಗಲಿಲ್ಲ, ಈಗಲೂ ಆಗುವುದಿಲ್ಲ’ ಎಂದು ಎಂಟು ವರ್ಷ ನಂಬಿಕೊಂಡಿದ್ದ ಕುಟುಂಬವೊಂದು ನನಗೆ ಗೊತ್ತು.

ಮನೆ ಕೊಂಡವರಿಗೆ ಇನ್ನೊಂದು ಗೊಂದಲವಿರುತ್ತದೆ. ಆಸ್ತಿ ತೆರಿಗೆಯ ದಾಖಲೆಯಲ್ಲಿ ಯಾವ ಶಾಲಾ ವ್ಯವಸ್ಥೆಗೆ ನಿಮ್ಮ ಬೆಂಬಲ ಎಂದು ನಮೂದಾಗಿರುತ್ತದೆ. ಕ್ಯಾಥೊಲಿಕರಲ್ಲದವರದು ಸಾಮಾನ್ಯವಾಗಿ ಇಂಗ್ಲಿಷ್ ಪಬ್ಲಿಕ್. ಹೈಸ್ಕೂಲು ಪ್ರವೇಶಕ್ಕೆ ಅದು ಅಡ್ಡಿಯಲ್ಲ. ತೆರಿಗೆಯ ದರ ಎರಡು ಕಡೆಯೂ ಒಂದೇ ಆದ್ದರಿಂದ ಹಣದ ವ್ಯತ್ಯಾಸವೂ ಇಲ್ಲ.

ಯಾವುದರಲ್ಲಿ ವ್ಯತ್ಯಾಸವಿಲ್ಲ ಎಂಬುದನ್ನು ಬರೆದಿಡಿ

ಪಠ್ಯಕ್ರಮ ಎರಡೂ ಕಡೆ ಶಿಕ್ಷಣ ಸಚಿವಾಲಯದ್ದು. ಶಿಕ್ಷಕರಿಗೆ ಎರಡೂ ಕಡೆ ಒಂಟಾರಿಯೊ ಶಿಕ್ಷಕರ ಕಾಲೇಜಿನ (ಶಿಕ್ಷಕರಿಗೆ ಪರವಾನಗಿ ಕೊಡುವ ಸಂಸ್ಥೆ) ಪ್ರಮಾಣಪತ್ರ ಬೇಕು. ಕೊನೆಗೆ ಕೈಗೆ ಬರುವುದು ಒಂದೇ ಡಿಪ್ಲೊಮಾ: 30 ಕ್ರೆಡಿಟ್ (ಒಂದು ವಿಷಯ ಮುಗಿಸಿದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್), 40 ಗಂಟೆಗಳ ಸಮುದಾಯ ಸೇವೆ, ಸಾಕ್ಷರತಾ ಪರೀಕ್ಷೆ. ವಿಶೇಷ ಶಿಕ್ಷಣದ ಅಗತ್ಯವಿರುವ ಮಕ್ಕಳಿಗಾಗಿ ಮಾಡುವ ವೈಯಕ್ತಿಕ ಕಲಿಕಾ ಯೋಜನೆಯ ನಿಯಮಗಳೂ ಎರಡೂ ಬೋರ್ಡುಗಳಿಗೆ ಸಮಾನ. ವಿಶ್ವವಿದ್ಯಾಲಯಗಳು ನೋಡುವುದು ಹನ್ನೆರಡನೇ ತರಗತಿಯ ವಿಷಯಗಳ ಅಂಕಗಳನ್ನು. ಶಾಲೆಯ ಹೆಸರಿನಲ್ಲಿ ‘ಸೇಂಟ್’ ಇದೆಯೋ ಇಲ್ಲವೋ ಎಂಬುದು ಅವರಿಗೆ ಬೇಡದ ಮಾತು. ವಾಟರ್ಲೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗ ಅರ್ಜಿದಾರರ ಅಂಕಗಳನ್ನು ಅವರ ಹೈಸ್ಕೂಲಿಗೆ ಅನುಗುಣವಾಗಿ ಹೊಂದಿಸಿ ನೋಡುವುದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಲ್ಲಿಯೂ ಲೆಕ್ಕಕ್ಕೆ ಬಂದದ್ದು ಒಂದೊಂದು ಶಾಲೆಯ ಹಿಂದಿನ ವಿದ್ಯಾರ್ಥಿಗಳ ಸಾಧನೆಯೇ ಹೊರತು ಶಾಲೆಯ ಧರ್ಮವಲ್ಲ.

ಆದ್ದರಿಂದ ‘ಕ್ಯಾಥೊಲಿಕ್ ಒಳ್ಳೆಯದೋ, ಪಬ್ಲಿಕ್ ಒಳ್ಳೆಯದೋ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ವಿಳಾಸಕ್ಕೆ ಸಿಗುವ ಇಂಥ ಕ್ಯಾಥೊಲಿಕ್ ಶಾಲೆ ಮತ್ತು ಇಂಥ ಪಬ್ಲಿಕ್ ಶಾಲೆ, ಈ ಎರಡು ಕಟ್ಟಡಗಳ ನಡುವೆ ಮಾತ್ರ ಹೋಲಿಕೆ ಸಾಧ್ಯ.

ವಿಳಾಸ ಹಾಕಿ ಶಾಲೆಗಳನ್ನು ಗುರುತಿಸಿ

ಎರಡೂ ಬೋರ್ಡುಗಳ ಜಾಲತಾಣಗಳಲ್ಲಿ ಮನೆಯ ವಿಳಾಸ ಹಾಕಿ ಶಾಲೆ ಹುಡುಕುವ ಸೌಲಭ್ಯವಿದೆ. ಕ್ಯಾಥೊಲಿಕ್ ಹೈಸ್ಕೂಲು ಎಲ್ಲರಿಗೂ ತೆರೆದಿದೆ ಎಂದರೆ ನೀವು ಬಯಸಿದ ಕ್ಯಾಥೊಲಿಕ್ ಹೈಸ್ಕೂಲು ಸಿಗುತ್ತದೆ ಎಂದರ್ಥವಲ್ಲ. ಪ್ರತಿ ಶಾಲೆಗೂ ಅದರದೇ ಗಡಿಯಿದೆ, ಗಡಿಯ ಹೊರಗಿನವರಿಗೆ ಜಾಗವಿದ್ದರೆ ಮಾತ್ರ ಪ್ರವೇಶ. ಹೊಸ ಬಡಾವಣೆಗಳಲ್ಲಿ ಜಾಗ ಸಾಲದೆ ಶಾಲೆಯ ಹಿತ್ತಲಲ್ಲಿ ಪೋರ್ಟಬಲ್ ಎಂಬ ತಾತ್ಕಾಲಿಕ ಕೊಠಡಿಗಳ ಸಾಲು ನಿಂತಿರುತ್ತದೆ. ಅವು ಎಷ್ಟಿವೆ ಎಂದು ಎಣಿಸಿದರೆ ಆ ಶಾಲೆ ಎಷ್ಟು ತುಂಬಿದೆ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಕ್ಯಾಥೊಲಿಕ್ ಶಾಲೆಗಳ ಸಂಖ್ಯೆ ಕಡಿಮೆ, ಹೀಗಾಗಿ ದೂರ ಸಾಮಾನ್ಯವಾಗಿ ಹೆಚ್ಚು. ಶಾಲಾ ಬಸ್ಸು ಸಿಗಲು ಮನೆ ಬೋರ್ಡು ನಿಗದಿ ಮಾಡಿದ ದೂರಕ್ಕಿಂತ ಆಚೆಯಿರಬೇಕು, ಮತ್ತು ಅದು ನಿಮ್ಮ ಗಡಿಯ ಶಾಲೆಯೇ ಆಗಿರಬೇಕು. ನೀವಾಗಿ ಆರಿಸಿಕೊಂಡ ದೂರದ ಶಾಲೆಗೆ ಹೆಚ್ಚಿನ ಸಂದರ್ಭಗಳಲ್ಲಿ ಬಸ್ಸಿಲ್ಲ. ಟೊರಾಂಟೊ ನಗರದಲ್ಲಂತೂ ಹೈಸ್ಕೂಲು ಮಕ್ಕಳ ಪಾಡು ಬಹುಪಾಲು ಟಿಟಿಸಿ (ನಗರ ಸಾರಿಗೆ ಸಂಸ್ಥೆ) ಬಸ್ಸು, ಸಬ್‌ವೇಗಳಲ್ಲೇ. ಅಕ್ಟೋಬರಿನ ಬಿಸಿಲಿನ ಭಾನುವಾರ ಕಾರಿನಲ್ಲಿ ಹೋಗಿ ‘ಹತ್ತೇ ನಿಮಿಷ’ ಎಂದು ನಿರ್ಧರಿಸಬೇಡಿ. ಜನವರಿಯ ಒಂದು ಬೆಳಿಗ್ಗೆ, ಇನ್ನೂ ಕತ್ತಲಿರುವಾಗ, ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ, ಮಗುವಿನ ಜೊತೆ ನಿಲ್ದಾಣಕ್ಕೆ ನಡೆದು ಹೋಗಿ, ಬಸ್ಸು ಬದಲಿಸಿ, ಶಾಲೆಯ ಬಾಗಿಲು ಮುಟ್ಟುವವರೆಗಿನ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ನಾವು ಹಾಗೆ ಹೋದ ದಿನ ಕಾರಿನ ಹತ್ತು ನಿಮಿಷ ನಲವತ್ತೇಳು ನಿಮಿಷವಾಯಿತು, ಮಗಳು ದಾರಿಯಲ್ಲೇ ತೀರ್ಮಾನ ಹೇಳಿಬಿಟ್ಟಳು.

ಧರ್ಮದ ತರಗತಿಯನ್ನು ಲೆಕ್ಕ ಹಾಕಿ ನೋಡಿ

ಎರಡು ವ್ಯವಸ್ಥೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ, ನಮ್ಮವರು ಅತಿ ಕಡಿಮೆ ಯೋಚಿಸುವುದೂ ಇದರ ಬಗ್ಗೆಯೇ. ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ವರ್ಷಕ್ಕೊಂದರಂತೆ ನಾಲ್ಕು ವರ್ಷ ಧರ್ಮಶಿಕ್ಷಣದ ತರಗತಿ ಇರುತ್ತದೆ. ಅದು ವಾರಕ್ಕೊಮ್ಮೆಯ ನೀತಿಪಾಠವಲ್ಲ. ಗಣಿತ, ವಿಜ್ಞಾನಗಳ ಹಾಗೆ ಅಂಕ, ನಿಬಂಧ, ಪರೀಕ್ಷೆಗಳಿರುವ ಪೂರ್ತಿ ಒಂದು ಕ್ರೆಡಿಟ್ಟಿನ ವಿಷಯ.

ವರ್ಷಕ್ಕೆ ಎಂಟು ವಿಷಯಗಳಂತೆ ನಾಲ್ಕು ವರ್ಷಕ್ಕೆ 32 ಜಾಗಗಳು ಸಿಗುತ್ತವೆ. 2024ರ ಸೆಪ್ಟೆಂಬರಿನಿಂದ ಒಂಬತ್ತನೇ ತರಗತಿಗೆ ಸೇರಿದವರಿಗೆ ಡಿಪ್ಲೊಮಾದ 30 ಕ್ರೆಡಿಟ್‌ಗಳಲ್ಲಿ 17 ಕಡ್ಡಾಯ, 13 ಐಚ್ಛಿಕ. ಧರ್ಮಶಿಕ್ಷಣದ ನಾಲ್ಕು ಕ್ರೆಡಿಟ್ ಹೋಗುವುದು ಈ ಹದಿಮೂರರೊಳಗಿನಿಂದ, ಉಳಿಯುವುದು ಒಂಬತ್ತು. ಈಗ ನಮ್ಮ ಮನೆಗಳ ಮಾಮೂಲಿ ಆಸೆಯನ್ನು ಈ ಒಂಬತ್ತರಲ್ಲಿ ಹೊಂದಿಸಿ ನೋಡೋಣ. ಇಂಜಿನಿಯರಿಂಗಿಗೆ ಹೋಗಬೇಕೆಂದಿರುವ ಮಗು ಕಡ್ಡಾಯ ವಿಷಯಗಳ ಮೇಲೆ ಹನ್ನೊಂದನೇ ತರಗತಿಯ ರಸಾಯನಶಾಸ್ತ್ರ, ಹನ್ನೆರಡನೇ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಡ್ವಾನ್ಸ್ಡ್ ಫಂಕ್ಷನ್ಸ್ ಮತ್ತು ಕ್ಯಾಲ್ಕುಲಸ್ ಎಂದು ಐದು ಐಚ್ಛಿಕಗಳನ್ನು ತೆಗೆದುಕೊಳ್ಳುತ್ತದೆ (ಹನ್ನೊಂದನೇ ತರಗತಿಯ ಭೌತಶಾಸ್ತ್ರವನ್ನು ಕಡ್ಡಾಯ ಗುಂಪಿನಲ್ಲೇ ಹಾಕಬಹುದು). ‘ಮೆಡಿಕಲ್ಲೂ ಇರಲಿ’ ಎಂದು ಜೀವಶಾಸ್ತ್ರ ಎರಡು ವರ್ಷ ಸೇರಿಸಿದರೆ ಏಳು. ಕಂಪ್ಯೂಟರ್ ಸೈನ್ಸ್ ಎರಡು ವರ್ಷ ಸೇರಿಸಿದರೆ ಒಂಬತ್ತು. ಅಲ್ಲಿಗೆ ಡಬ್ಬಿ ತುಂಬಿತು. ಉಳಿದ ಎರಡು ಹೆಚ್ಚುವರಿ ಜಾಗಗಳಲ್ಲಿ ಸಂಗೀತವನ್ನೋ ಫ್ರೆಂಚನ್ನೋ ಇನ್ನೆರಡು ವರ್ಷ ಮುಂದುವರಿಸಬಹುದು, ನಾಲ್ಕೂ ವರ್ಷ ಮುಂದುವರಿಸಲು ಆಗುವುದಿಲ್ಲ. ಪಬ್ಲಿಕ್ ಶಾಲೆಯಲ್ಲಿ ಇದೇ ಮಗುವಿಗೆ ಇನ್ನೂ ನಾಲ್ಕು ಜಾಗಗಳಿರುತ್ತವೆ. ವಯಲಿನ್ ಬಿಡಲೊಲ್ಲದ ಮಗುವಿಗೆ ಇದು ದೊಡ್ಡ ವ್ಯತ್ಯಾಸ. ಬೇಸಿಗೆ ಶಾಲೆಯಲ್ಲಿ ಒಂದೆರಡು ಕ್ರೆಡಿಟ್ ಮುಗಿಸಿಕೊಳ್ಳಲು ಸಿದ್ಧವಿರುವ ಮಗುವಿಗೆ ಅಷ್ಟೇನೂ ಅಲ್ಲ.

ತರಗತಿಯ ಒಳಗೆ ಏನು ನಡೆಯುತ್ತದೆ? ಒಂಬತ್ತು ಮತ್ತು ಹತ್ತನೇ ತರಗತಿಗಳಲ್ಲಿ ಬೈಬಲ್, ಯೇಸುವಿನ ಬೋಧನೆ, ಕುಟುಂಬ ಮತ್ತು ಸಂಬಂಧಗಳ ಬಗ್ಗೆ ಕ್ಯಾಥೊಲಿಕ್ ದೃಷ್ಟಿ ಮುಖ್ಯವಾಗಿರುತ್ತದೆ. ಹನ್ನೊಂದನೇ ತರಗತಿಯದು ಸಾಮಾನ್ಯವಾಗಿ ವಿಶ್ವಧರ್ಮಗಳ ಪರಿಚಯ. ಪರಿಚಿತರೊಬ್ಬರ ಮಗಳು ಈ ತರಗತಿಯಲ್ಲಿ ‘ಹಿಂದೂ ಧರ್ಮ’ ಎಂಬ ಪಾಠ ಬಂದಾಗ, ಅದರಲ್ಲಿದ್ದ ಗುಡಿ, ವಿಗ್ರಹ, ವರ್ಣಗಳ ವಿವರಣೆಗೂ ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ತನ್ನ ಧಾರವಾಡದ ಅಜ್ಜಿಗೂ ಹೊಂದಾಣಿಕೆಯಾಗದೆ, ಮನೆಗೆ ಬಂದು ತಂದೆಯನ್ನು ರಾತ್ರಿ ಹನ್ನೊಂದರವರೆಗೆ ಕೂರಿಸಿಕೊಂಡಿದ್ದಳಂತೆ. ಕೊನೆಗೆ ಬಸವಣ್ಣನವರ ವಚನಗಳ ಮೇಲೆಯೇ ತರಗತಿಯಲ್ಲಿ ಮಾತನಾಡಿ ಬಂದಳು. ಪಬ್ಲಿಕ್ ಶಾಲೆಯಲ್ಲಿದ್ದಿದ್ದರೆ ಈ ಮಾತುಕತೆ ತಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ ಎಂದು ಆ ತಂದೆ ಹೇಳುತ್ತಾರೆ.

ತರಗತಿಯ ಹೊರಗೂ ಧರ್ಮವಿದೆ. ಬೆಳಗಿನ ಧ್ವನಿವರ್ಧಕದಲ್ಲಿ ಪ್ರಾರ್ಥನೆ, ಗೋಡೆಯ ಮೇಲೆ ಶಿಲುಬೆ, ವರ್ಷದಲ್ಲಿ ಕೆಲವು ಬಲಿಪೂಜೆಗಳು (ಮಾಸ್ ಎಂಬ ಸಾಮೂಹಿಕ ಆರಾಧನೆ), ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ದಾನಸಂಗ್ರಹ, ತರಗತಿವಾರು ಧ್ಯಾನಕೂಟ. ಇವೆಲ್ಲ ಬೇಡವೆನ್ನುವವರಿಗೆ ಕಾನೂನಿನಲ್ಲಿ ದಾರಿಯಿದೆ. ಪಬ್ಲಿಕ್ ಬೋರ್ಡಿಗೆ ಅರ್ಹನಾಗಿದ್ದೂ ಕ್ಯಾಥೊಲಿಕ್ ಹೈಸ್ಕೂಲಿಗೆ ಬಂದ ವಿದ್ಯಾರ್ಥಿಯ ಪರವಾಗಿ ಪೋಷಕರು ಲಿಖಿತ ಅರ್ಜಿ ಕೊಟ್ಟರೆ ಧರ್ಮಶಿಕ್ಷಣದಿಂದ ವಿನಾಯಿತಿ ಕೊಡಬೇಕು. ಈ ವಿನಾಯಿತಿ ತರಗತಿಗೆ ಮಾತ್ರವಲ್ಲದೆ ಬಲಿಪೂಜೆ, ಧ್ಯಾನಕೂಟಗಳಿಗೂ ಅನ್ವಯಿಸುತ್ತದೆಂದು ಡಫರಿನ್-ಪೀಲ್ ಬೋರ್ಡಿನ ವಿರುದ್ಧದ ಮೊಕದ್ದಮೆಯಲ್ಲಿ 2014ರಲ್ಲಿ ಒಂಟಾರಿಯೊದ ಡಿವಿಷನಲ್ ಕೋರ್ಟ್ ತೀರ್ಪು ಕೊಟ್ಟಿದೆ. ಅರ್ಜಿಯನ್ನು ವಿಷಯಗಳ ಆಯ್ಕೆಯ ಹೊತ್ತಿಗೇ ಕೊಡಿ, ಸ್ವೀಕೃತಿಯನ್ನು ಇಮೇಲಿನಲ್ಲಿ ಪಡೆಯಿರಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಸೇರುವ ಮೊದಲ ದಿನವೇ ವಿನಾಯಿತಿ ಅರ್ಜಿ ಕೊಡಬೇಕೆಂಬ ಯೋಚನೆ ನಿಮ್ಮಲ್ಲಿದ್ದರೆ ಕ್ಯಾಥೊಲಿಕ್ ಶಾಲೆ ನಿಮಗಲ್ಲ. ಹಕ್ಕು ಇರುವುದು ನಿಜ. ಆದರೆ ಆ ಶಾಲೆಯ ಪ್ರತಿ ದಿನವೂ ಆ ಶ್ರದ್ಧೆಯ ಸುತ್ತಲೇ ಹೆಣೆದಿರುವಾಗ, ಹದಿನಾಲ್ಕರ ಮಗುವನ್ನು ನಾಲ್ಕು ವರ್ಷ ಅಂಚಿನಲ್ಲಿ ನಿಲ್ಲಿಸುವುದರಲ್ಲಿ ಲಾಭವೇನೆಂದು ನನಗೆ ಕಾಣುವುದಿಲ್ಲ. ಬೇರೊಂದು ಕಾರಣಕ್ಕೆ, ಉದಾಹರಣೆಗೆ ಅಲ್ಲಿ ಮಾತ್ರವಿರುವ ಒಂದು ವಿಶೇಷ ಕಾರ್ಯಕ್ರಮಕ್ಕಾಗಿ, ಹೋಗುವವರ ಮಾತು ಬೇರೆ.

ಮಂಗಳೂರು, ಉಡುಪಿ ಕಡೆಯಿಂದ ಬಂದ ಕ್ಯಾಥೊಲಿಕ್ ಕುಟುಂಬಗಳಿಗೆ ಈ ಲೆಕ್ಕ ತಿರುವುಮುರುವು. ಅವರಿಗೆ ಧರ್ಮಶಿಕ್ಷಣವೇ ಶಾಲೆಯನ್ನು ಆರಿಸಲು ಕಾರಣ. ಅವರು ಕೇಳಬೇಕಾದದ್ದು ಶಾಲೆಗೆ ಪಾದ್ರಿಗಳ ಭೇಟಿ ಎಷ್ಟು ನಿಯಮಿತವಾಗಿದೆ, ಹತ್ತಿರದ ಚರ್ಚಿನ ಧರ್ಮಕೇಂದ್ರದ ಜೊತೆ ನಂಟು ಹೇಗಿದೆ ಎಂಬುದನ್ನು. ಎಲ್ಲ ಕ್ಯಾಥೊಲಿಕ್ ಶಾಲೆಗಳೂ ಈ ವಿಷಯದಲ್ಲಿ ಒಂದೇ ಸಮನಾಗಿಲ್ಲ.

ವಿಶೇಷ ಕಾರ್ಯಕ್ರಮಗಳು ಮತ್ತು ರ‍್ಯಾಂಕಿಂಗ್

ಐಬಿ (ಇಂಟರ್ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ), ಕಲೆ, ಕ್ರೀಡೆ, ತಂತ್ರಜ್ಞಾನ ಮುಂತಾದ ಕಾರ್ಯಕ್ರಮಗಳು ಎರಡೂ ಕಡೆ ಆಯ್ದ ಶಾಲೆಗಳಲ್ಲಿ ಮಾತ್ರ ಇವೆ. ಐಬಿಯನ್ನೇ ತೆಗೆದುಕೊಂಡರೆ, ಬ್ರಾಂಪ್ಟನ್ನಿನ ಟರ್ನರ್ ಫೆಂಟನ್ ಪಬ್ಲಿಕ್ ಶಾಲೆಯಲ್ಲೂ ಇದೆ, ಮಿಸ್ಸಿಸಾಗಾದ ಸೇಂಟ್ ಫ್ರಾನ್ಸಿಸ್ ಝೇವಿಯರ್ ಕ್ಯಾಥೊಲಿಕ್ ಶಾಲೆಯಲ್ಲೂ ಇದೆ. ಇವುಗಳ ಅರ್ಜಿಯ ಗಡುವು ಸಾಮಾನ್ಯ ದಾಖಲಾತಿಗಿಂತ ಮೊದಲೇ ಮುಗಿಯುತ್ತದೆ. ಎಂಟನೇ ತರಗತಿಯ ಶರತ್ಕಾಲದಲ್ಲೇ ವಿಚಾರಿಸದಿದ್ದವರು ಚಳಿಗಾಲದಲ್ಲಿ ಕೈ ಹಿಸುಕಿಕೊಳ್ಳುತ್ತಾರೆ.

ಶಾಲೆಗಳಿಗೆ ಸ್ಥಾನ ಕೊಡುವ ಕೆನಡಾದ ಸಂಶೋಧನಾ ಸಂಸ್ಥೆ ಫ್ರೇಸರ್ ಇನ್‌ಸ್ಟಿಟ್ಯೂಟಿನ ರ‍್ಯಾಂಕಿಂಗ್ ನೋಡದ ಕನ್ನಡ ತಂದೆಯನ್ನು ನಾನಿನ್ನೂ ಕಂಡಿಲ್ಲ. ನೋಡಿ, ಆದರೆ ಅದು ಯಾವುದರಿಂದ ಮಾಡಿದ್ದೆಂದು ತಿಳಿದು ನೋಡಿ. ಒಂಬತ್ತನೇ ತರಗತಿಯ ಗಣಿತ ಮತ್ತು ಸಾಕ್ಷರತಾ ಪರೀಕ್ಷೆ, ಈ ಎರಡರ ಫಲಿತಾಂಶವೇ ಅದರ ಬುನಾದಿ. ಭೌತಶಾಸ್ತ್ರದ ಶಿಕ್ಷಕರು ಹೇಗಿದ್ದಾರೆ, ಕ್ಯಾಲ್ಕುಲಸ್ ವರ್ಷಕ್ಕೆ ಎರಡು ಸಲ ನಡೆಯುತ್ತದೋ ಒಂದೇ ಸಲವೋ ಎಂಬುದು ಅದರಲ್ಲಿಲ್ಲ. ಓದಿದ ತಂದೆತಾಯಿಗಳಿರುವ ಬಡಾವಣೆಯ ಶಾಲೆ ಮೇಲಿನ ಸ್ಥಾನದಲ್ಲಿದ್ದರೆ ಅದರ ಪೂರ್ತಿ ಪುಣ್ಯವನ್ನು ಶಾಲೆಯ ಖಾತೆಗೆ ಬರೆಯಬೇಕಾಗಿಲ್ಲ.

ಸಮವಸ್ತ್ರ

ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಸಮವಸ್ತ್ರ ಕಡ್ಡಾಯ, ಅದನ್ನು ಶಾಲೆ ಗೊತ್ತುಪಡಿಸಿದ ಅಂಗಡಿಯಿಂದಲೇ ಕೊಳ್ಳಬೇಕು. ಲಾಂಛನವಿರುವ ಪೋಲೊ ಅಂಗಿ, ಸ್ವೆಟರು, ಪ್ಯಾಂಟು ಎಂದು ಮೊದಲ ವರ್ಷದ ಖರ್ಚು ಕೈ ಕಚ್ಚುತ್ತದೆ, ಆಮೇಲೆ ಬೆಳಗಿನ ಬಟ್ಟೆಯ ಜಗಳ ನಿಲ್ಲುತ್ತದೆ. ಹುಡುಗರು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆಯುವ ವಯಸ್ಸಿದು. ಎರಡು ಅಂಗಿ ಸರಿಯಾದ ಅಳತೆಯದು, ಒಂದು ದೊಡ್ಡದು ಕೊಂಡರೆ ಸಾಕು. ಸಮವಸ್ತ್ರವನ್ನೇ ಶಿಸ್ತೆಂದು ತಿಳಿದು ಶಾಲೆ ಆರಿಸಿದವರ ಹುಮ್ಮಸ್ಸು ಮೊದಲ ಊಟದ ಬಿಡುವಿನವರೆಗೆ ಮಾತ್ರ ಉಳಿಯುತ್ತದೆ. ವೇಪಿಂಗ್, ಮೊಬೈಲು, ಗುಂಪುಗಾರಿಕೆ ಎರಡೂ ಕಡೆ ಇವೆ.

ಎರಡು ಶಾಲೆಗಳನ್ನೂ ಕಣ್ಣಾರೆ ನೋಡಿ

ಹೊಸಬರಿಗೆ ಶಾಲೆ ತೋರಿಸುವ ಓಪನ್ ಹೌಸ್ ಸಂಜೆಗೆ ಮಗುವನ್ನು ಕರೆದುಕೊಂಡು ಹೋಗಿ. ವೇದಿಕೆಯ ಮೇಲಿನ ಭಾಷಣಕ್ಕಿಂತ ದಾರಿ ತೋರಿಸಲು ನಿಂತ ಹತ್ತನೇ ತರಗತಿಯ ಮಕ್ಕಳ ಮಾತಿನಿಂದ ಹೆಚ್ಚು ತಿಳಿಯುತ್ತದೆ. ಹನ್ನೆರಡನೇ ತರಗತಿಯ ಭೌತಶಾಸ್ತ್ರಕ್ಕೆ ಎಷ್ಟು ವಿಭಾಗಗಳಿವೆ, ಸಂಗೀತಕ್ಕೆ ವಾದ್ಯಗಳನ್ನು ಶಾಲೆಯೇ ಕೊಡುತ್ತದೆಯೇ, ಸಂಜೆಯ ಕ್ಲಬ್ಬು ಮುಗಿದ ಮೇಲೆ ಮನೆಗೆ ಬಸ್ಸಿದೆಯೇ ಎಂದು ವಿಷಯಗಳ ಆಯ್ಕೆಗೆ ಸಲಹೆ ಕೊಡುವ ಗೈಡೆನ್ಸ್ ಕೌನ್ಸೆಲರನ್ನು ಕೇಳಿ. ನಾನು ಹೋದ ಒಂದು ಶಾಲೆಯಲ್ಲಿ ಈ ಕೊನೆಯ ಪ್ರಶ್ನೆಗೆ ಮೂವರು ಮೂರು ಉತ್ತರ ಕೊಟ್ಟರು, ಅದೂ ಒಂದು ಮಾಹಿತಿಯೇ. ಹೊರಡುವ ಮುನ್ನ ಶೌಚಾಲಯವನ್ನು ಒಮ್ಮೆ ನೋಡಿ ಬನ್ನಿ. ಆಡಳಿತದ ಬಗ್ಗೆ ಅದು ಹೇಳುವಷ್ಟನ್ನು ಕರಪತ್ರ ಹೇಳುವುದಿಲ್ಲ.

ಎಂಟನೇ ತರಗತಿಯ ಗೆಳೆಯರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಬ್ಲಿಕ್ ಪ್ರಾಥಮಿಕ ಶಾಲೆಯಿಂದ ಕ್ಯಾಥೊಲಿಕ್ ಹೈಸ್ಕೂಲಿಗೆ ಹೋಗುವ ಮಗು ಬಹುಶಃ ಒಂಟಿಯಾಗಿ ಹೋಗುತ್ತದೆ. ಅಲ್ಲಿನ ಉಳಿದವರು ಎಳೆಯ ವಯಸ್ಸಿನಿಂದ ಜೊತೆಗಿದ್ದವರು. ಕೆಲವು ಮಕ್ಕಳಿಗೆ ಅದೇ ಬೇಕಾಗಿರುತ್ತದೆ, ಹಳೆಯ ಗುಂಪಿನಿಂದ ಬಿಡುಗಡೆ. ಕೇಳದೆ ನಮಗೆ ತಿಳಿಯುವುದಿಲ್ಲ.

ದಾಖಲಾತಿ, ಮತ್ತು ಆಯ್ಕೆ ತಪ್ಪಾದರೆ

ಮಗುವಿನ ವಯಸ್ಸಿನ ಪುರಾವೆ, ವಿಳಾಸದ ಪುರಾವೆ, ಲಸಿಕೆಯ ದಾಖಲೆ, ವಲಸೆ ಕಾಗದಗಳು, ಕೊನೆಯ ಅಂಕಪಟ್ಟಿ ಇಷ್ಟನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಭಾರತದಿಂದ ನೇರವಾಗಿ ಹತ್ತು ಅಥವಾ ಹನ್ನೊಂದನೇ ತರಗತಿಗೆ ಬರುವ ಮಕ್ಕಳಿಗೆ ಬೋರ್ಡು ಇಂಗ್ಲಿಷ್ ಮತ್ತು ಗಣಿತದ ಮೌಲ್ಯಮಾಪನ ಮಾಡುತ್ತದೆ, ಹಿಂದಿನ ಓದಿಗೆ ಎಷ್ಟು ಕ್ರೆಡಿಟ್ ಎಂಬುದನ್ನು ಪ್ರಾಂಶುಪಾಲರು ತೀರ್ಮಾನಿಸುತ್ತಾರೆ. ಅಂಥವರು ಪ್ರತಿ ವರ್ಷದ ಮೂಲ ಅಂಕಪಟ್ಟಿಯನ್ನು ತಪ್ಪದೆ ತರಬೇಕು.

ಆರಿಸಿದ ಶಾಲೆ ಒಗ್ಗದಿದ್ದರೆ ಬದಲಿಸಬಹುದು. ಗಳಿಸಿದ ಕ್ರೆಡಿಟ್‌ಗಳು ಹಾಗೆಯೇ ಜೊತೆಗೆ ಬರುತ್ತವೆ. ಕ್ಯಾಥೊಲಿಕ್ ಶಾಲೆಯಲ್ಲಿ ಮುಗಿಸಿದ ಧರ್ಮಶಿಕ್ಷಣವೂ ಐಚ್ಛಿಕ ಕ್ರೆಡಿಟ್ಟಾಗಿ ಆ ಮೂವತ್ತರಲ್ಲಿ ಸೇರುತ್ತದೆ. ಸೆಮಿಸ್ಟರಿನ ನಡುವೆ ಎದ್ದು ಬಂದರೆ ಅರ್ಧ ಓದಿದ ನಾಲ್ಕು ವಿಷಯಗಳು ಹೊಸ ಶಾಲೆಯ ವೇಳಾಪಟ್ಟಿಗೆ ಕೂಡುವುದು ಕಷ್ಟ, ಆದ್ದರಿಂದ ಫೆಬ್ರವರಿಯ ಆರಂಭ ಅಥವಾ ಜೂನಿನ ಕೊನೆಗೆ ಕಾಯುವುದು ಮೇಲು. ಫೆಬ್ರವರಿಯಲ್ಲಿ ಬದಲಿಸುವವರು ಹೊಸ ಶಾಲೆಯ ಗೈಡೆನ್ಸ್ ಕಚೇರಿಗೆ ಡಿಸೆಂಬರಿನ ರಜೆಗೆ ಮುಂಚೆಯೇ ಫೋನು ಮಾಡಬೇಕು. ರಜೆ ಮುಗಿಸಿ ಮಾಡಿದರೆ ಬೇಕಾದ ಗಣಿತದ ವಿಭಾಗ ಆಗಲೇ ತುಂಬಿರುತ್ತದೆ.